ಸತ್ಯವೇದದ ವಚನವನ್ನು ಮೂಲಭಾಷೆಯಲ್ಲಿ ಪರೀಕ್ಷಿಸುವ ಕ್ರಮ

ಕೋಲಾರ, ಕೆಜಿಎಫ್ ಕಡೆಯ ಬೈಬಲ್ ಅಧ್ಯಯನ ಕೂಟಗಳಿಗೆ ಒಂದು ಅನುಕೂಲವಿದೆ: ಕನ್ನಡ, ತಮಿಳು, ತೆಲುಗು ಓದುವವರು ಒಟ್ಟಿಗೆ ಸಿಗುತ್ತಾರೆ. ಮೂರೂ ಸತ್ಯವೇದಗಳನ್ನು ಪಕ್ಕಪಕ್ಕ ಇಟ್ಟು ಓದಿ, ಅರ್ಥ ಬೇರೆಯಾಗುವ ಕಡೆ ಪೆನ್ಸಿಲ್ ಗುರುತು ಹಾಕಿ. ಮೂಲವನ್ನು ಮೊದಲು ನೋಡಬೇಕಾದದ್ದು ಅಲ್ಲೇ. ಮೂರೂ ಒಂದೇ ಮಾತು ಹೇಳಿದರೂ ಅದನ್ನೇ ಸಾಕ್ಷಿ ಎನ್ನಬೇಡಿ, ಮೂರೂ ಅನುವಾದಗಳೇ.

ಮುಂದೆ, ಆ ಭಾಗ ಯಾವ ಭಾಷೆಯದೆಂದು ಖಚಿತಪಡಿಸಿಕೊಳ್ಳಿ. ಹಳೆ ಒಡಂಬಡಿಕೆಯೆಲ್ಲ ಹೀಬ್ರೂ ಅಲ್ಲ. ದಾನಿಯೇಲ 2:4ರ ನಡುವಿನಿಂದ 7ನೇ ಅಧ್ಯಾಯದ ಕೊನೆಯವರೆಗೆ, ಎಜ್ರ 4:8ರಿಂದ 6:18 ಮತ್ತು 7:12–26, ಯೆರೆಮೀಯ 10:11, ಇವು ಅರಾಮಿಕ್. ಹೊಸ ಒಡಂಬಡಿಕೆ ಗ್ರೀಕ್.

ವಚನಸಂಖ್ಯೆಯಲ್ಲಿ ಎಡವುವವರೇ ಹೆಚ್ಚು. ಹೀಬ್ರೂ ಪ್ರತಿಗಳಲ್ಲಿ ಕೀರ್ತನೆಯ ಶಿರೋನಾಮೆಗೂ ಅನೇಕ ಕಡೆ ಸಂಖ್ಯೆ ಇರುತ್ತದೆ. ಶುದ್ಧಹೃದಯವನ್ನು ಬೇಡುವ 51:10 ಅಲ್ಲಿ 51:12. ಮಲಾಕಿಯನ 4ನೇ ಅಧ್ಯಾಯ ಅಲ್ಲಿ 3:19ರಿಂದ ಶುರು.

ಹೀಬ್ರೂ ಅಕ್ಷರ 22, ಬರೆಯುವುದು ಬಲದಿಂದ ಎಡಕ್ಕೆ. ದಿನಕ್ಕೆ ನಾಲ್ಕರಂತೆ ಬರೆದು ಕಲಿತರೆ ಒಂದು ವಾರ ಸಾಕು. ಐದು ಅಕ್ಷರಗಳಿಗೆ ಪದದ ಕೊನೆಯಲ್ಲಿ ಬೇರೆ ರೂಪವಿದೆ. ಸ್ವರದ ಚುಕ್ಕೆಗಳನ್ನು ಮಸೋರಾ ಪಂಡಿತರು (ಹೀಬ್ರೂ ಪಾಠವನ್ನು ಕಾಪಾಡಿ ನಕಲಿಸಿದ ಯೆಹೂದಿ ವಿದ್ವಾಂಸರು) ಸುಮಾರು 7ರಿಂದ 10ನೇ ಶತಮಾನದ ನಡುವೆ ಸೇರಿಸಿದರು. ಕಲಿಯುವವರು ಚುಕ್ಕೆಯಿರುವ ಪ್ರತಿಯನ್ನೇ ಹಿಡಿಯಬೇಕು. ದಾಲೆತ್ (ದ), ರೇಶ್ (ರ) ಅಕ್ಷರಗಳನ್ನು ನಿಧಾನವಾಗಿ ನೋಡಿ. ಮೂಲೆಯ ಚಿಕ್ಕ ಕೊನೆಯಷ್ಟೇ ವ್ಯತ್ಯಾಸ. ಹೀಬ್ರೂವಿನಲ್ಲಿ ಆದಿಕಾಂಡ 10:4ರ ದೋದಾನಿಮ್ ಒಂದನೇ ಪೂರ್ವಕಾಲವೃತ್ತಾಂತ 1:7ರಲ್ಲಿ ರೋದಾನಿಮ್ ಆಗಿರುವುದು ಈ ಹೋಲಿಕೆಯಿಂದಲೇ ಇರಬೇಕು.

ಇಬ್ರಿಯ ಪತ್ರದ 10:5 ‘ದೇಹ’ ಎನ್ನುತ್ತದೆ, ಅದು ಉದ್ಧರಿಸುವ ಕೀರ್ತನೆ 40:6 ‘ಕಿವಿ’ ಎನ್ನುತ್ತದೆ. ಇದನ್ನು ಅಚ್ಚಿನ ತಪ್ಪೆಂದು ತಳ್ಳಿಹಾಕಬೇಡಿ. ಕ್ರಿ.ಪೂ. 3ನೇ ಶತಮಾನದಿಂದ ಆರಂಭವಾದ, ಹಳೆ ಒಡಂಬಡಿಕೆಯ ಗ್ರೀಕ್ ಅನುವಾದ ಸೆಪ್ಟುವಜಿಂಟ್. ಪತ್ರದ ಲೇಖಕ ಅನುಸರಿಸುವುದು ಅದನ್ನು. ಉದ್ಧರಣೆ ಕಂಡಾಗಲೆಲ್ಲ ಹೀಬ್ರೂ ಜೊತೆಗೆ ಸೆಪ್ಟುವಜಿಂಟನ್ನೂ ತೆರೆಯಿರಿ.

ಪದದ ಅರ್ಥಕ್ಕೆ ಸ್ಟ್ರಾಂಗ್ ಸಂಖ್ಯೆ (ಸ್ಟ್ರಾಂಗ್ ಅವರ ಪದಸೂಚಿಯಲ್ಲಿ ಪ್ರತಿ ಮೂಲಪದಕ್ಕೆ ಕೊಟ್ಟ ಸಂಖ್ಯೆ) ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲಿನ ಅರ್ಥಗಳ ಪಟ್ಟಿಯಿಂದ ತಮ್ಮ ಉಪದೇಶಕ್ಕೆ ಒಪ್ಪುವ ಅರ್ಥವನ್ನು ಆರಿಸಿಕೊಳ್ಳುವುದು ಅನ್ಯಾಯ. ಅದೇ ಪದ ಅದೇ ಪುಸ್ತಕದಲ್ಲಿ ಬರುವ ಬೇರೆ ವಚನಗಳನ್ನು, ಕನಿಷ್ಠ ಐದಾದರೂ, ಓದಿದ ಮೇಲೆ ಅರ್ಥ ನಿರ್ಧರಿಸಿ.