ಎರಡು ಬಣ್ಣ, ಒಂದು ಹೊಲಿಗೆ: ಮಳೆಗಾಲ ದಾಟಿದ ನನ್ನ ಮಕ್ಕಳ ಪುಸ್ತಕ

ಹೊಳಪಿನ ಆರ್ಟ್ ಪೇಪರಿನ ಪುಸ್ತಕದ ಕಟ್ಟುಗಳನ್ನು ಆಷಾಢದಲ್ಲಿ ಅಟ್ಟಕ್ಕೆ ಏರಿಸಿದವನು ತೀರ್ಥಹಳ್ಳಿ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. 2016ರ ಮಾತು. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ ಬಂದ ಗುಂಗಿನಲ್ಲಿ ಆನೆಮರಿಯ ಕತೆ ಮಾಡಿದ್ದೆ. ಫೋರ್ ಕಲರ್, 130 ಜಿಎಸ್ಎಂ ತೂಕದ ಕಾಗದ, 24 ಪುಟ, ಸೆಂಟರ್ ಪಿನ್. ಸಾವಿರ ಪ್ರತಿಗೆ 52 ಸಾವಿರ ಚಿಲ್ಲರೆ ಬಿತ್ತು, ಅಷ್ಟೂ ಅಡಿಕೆ ದುಡ್ಡು. ಬೆಲೆ 120 ಇಟ್ಟೆ. ಅಂಗಡಿಯವರ ಕಮಿಷನ್ 40 ಪರ್ಸೆಂಟ್ ಕಳೆದರೆ ಕೈಗೆ 72. ಹೋಗಿದ್ದು ಇನ್ನೂರ ಹತ್ತೋ ಇನ್ನೂರ ಇಪ್ಪತ್ತೋ. ಶ್ರಾವಣದಲ್ಲಿ ಉಳಿದ ಕಟ್ಟು ಬಿಚ್ಚಿದರೆ ಪುಟಕ್ಕೆ ಪುಟ ಅಂಟಿಕೊಂಡಿದೆ. ಮೆಲ್ಲಗೆ ಬಿಡಿಸಿದರೆ ಆನೆಮರಿಯ ಮುಖ ಎದ್ದು ಹೋಗಿ ಎದುರು ಪುಟದಲ್ಲಿ ಕೂತಿತ್ತು. ಪಿನ್ನು ತುಕ್ಕು ಹಿಡಿದು ನಡುಪುಟದಲ್ಲಿ ಎರಡು ಕಂದು ಕಲೆ. "ಬಚ್ಚಲೊಲೆಗೂ ಬರಲ್ಲ ಇದು, ಉರಿಯೋದೇ ಇಲ್ಲ" ಅಂದಳು ಹೆಂಡತಿ. ಪ್ರಯತ್ನ ಮಾಡಿ ನೋಡಿಯೇ ಹೇಳಿದ್ದಳು.

ಮೂರು ವರ್ಷ ಸುಮ್ಮನಿದ್ದೆ. ಆಮೇಲೆ ಹೊಳೆದದ್ದು ಎರಡೇ ಬಣ್ಣ: ಕಪ್ಪು ಮತ್ತು ಕೆಮ್ಮಣ್ಣು. ಹೊಳಪಿಲ್ಲದ ಮ್ಯಾಪ್ಲಿಥೋ ಕಾಗದ, ಹದಿನಾರು ಪುಟ, ಒಂದೇ ಫಾರ್ಮು, ಅಂದರೆ ಒಂದೇ ಶೀಟು ಮಡಚಿದರೆ ಇಡೀ ಪುಸ್ತಕ. ಶಿವಮೊಗ್ಗದಲ್ಲಿ ನನಗಿಂತ ಮೊದಲು ಮಕ್ಕಳ ಪುಸ್ತಕ ತಂದ ಗೆಳೆಯನಿಗೆ ಹೇಳಿದರೆ, "ಎಂಥ ಮಾರಾಯ, ಮಕ್ಕಳ ಪುಸ್ತಕನೋ ಮದುವೆ ಕರೆಯೋಲೆಯೋ?" ಅಂದ. ಪ್ರೆಸ್ಸಿನವರು, "ಸಾರ್, ಫೋರ್ ಕಲರ್ ಹಾಕ್ಸಿ, ಲುಕ್ ಬರುತ್ತೆ" ಅಂದರು. ಲುಕ್ಕಿನ ಖರ್ಚು ಕೊಡುವವನು ನಾನು.

ಕತೆ ಮಂಗಟ್ಟೆಯದು, ಅದೇ ಹಾರ್ನ್‌ಬಿಲ್ ಹಕ್ಕಿಯದು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ, ಕೊಕ್ಕಿನ ತುದಿ ತೂರುವಷ್ಟು ಸೀಳು ಮಾತ್ರ ಬಿಟ್ಟು. ವಾರಗಟ್ಟಲೆ ಅದಕ್ಕೂ ಮರಿಗೂ ಗಂಡೇ ಊಟ ತರಬೇಕು. ಆಲದ ಹಣ್ಣು, ಅತ್ತಿ ಹಣ್ಣು ಗಂಟಲಲ್ಲಿ ತುಂಬಿಕೊಂಡು ಬಂದು ಒಂದೊಂದಾಗಿ ಹೊರಗೆ ತೆಗೆದು ಕೊಡುತ್ತದೆ. ಕಾಡು ಸುತ್ತುವ ಹುಡುಗನೊಬ್ಬ ಇದನ್ನು ಹೇಳಿದಾಗಲೇ ನನಗೆ ಪುಟ ತಿರುಗಿಸುವ ಜಾಗ ಸಿಕ್ಕಿಬಿಟ್ಟಿತು. ಬಲ ಪುಟದಲ್ಲಿ ಅಪ್ಪ ಖಾಲಿ ಕೊಕ್ಕು ಹೊತ್ತು ಬರುತ್ತಾನೆ. ತಿರುಗಿಸಿದರೆ ಒಂದು ಹಣ್ಣು, ಎರಡು, ಮೂರು, ಒಂಬತ್ತು!

ಮೊದಲು ಜೆರಾಕ್ಸ್ ಡಮ್ಮಿ ಮಾಡಿ ಅಂಗನವಾಡಿಯಲ್ಲಿ ಓದಿದೆ. ಒಂಬತ್ತನೇ ಹಣ್ಣಿಗೆ ಎಲ್ಲರೂ ಕೂಗಿದರು. ಮೂಲೆಯಲ್ಲಿ ಸಿಂಬಳ ಒರೆಸಿಕೊಳ್ಳುತ್ತಿದ್ದ ಹುಡುಗಿಯೊಂದು ಮಾತ್ರ ಕೇಳಿತು, "ಅಪ್ಪ ಹಕ್ಕಿ ಉಂಡ್ತಾ?" ನಾನು ಬರೆದೇ ಇರಲಿಲ್ಲ. ಮನೆಗೆ ಬಂದು ಎಂಟನೇ ಪುಟದ ಮಾತೆಲ್ಲ ಕಿತ್ತು, ಅಪ್ಪ ಕೊಂಬೆ ಮೇಲೆ ಕೂತು ಒಂದೇ ಒಂದು ಹಣ್ಣು ತಿನ್ನುವ ಚಿತ್ರ ಹಾಕಿದೆ. ಇಡೀ ಪುಸ್ತಕದಲ್ಲಿ ಹರಿದು ಹೋಗುವಷ್ಟು ಮಕ್ಕಳು ಮುಟ್ಟಿದ್ದು ಅದೇ ಪುಟ.

ಭಾಷೆಯ ಬಗ್ಗೆಯೂ ಒಬ್ಬ ಮೇಷ್ಟ್ರು ತಕರಾರು ತೆಗೆದರು. ಸಣ್ಣ ಮಕ್ಕಳಿಗೆ ಒತ್ತಕ್ಷರ ಇರಬಾರದಂತೆ. ಹಾಗಾದರೆ ಅಪ್ಪ, ಅಮ್ಮ, ಅಕ್ಕ, ಅಣ್ಣ ಎಲ್ಲರನ್ನೂ ಮನೆಯಿಂದ ಹೊರಗೆ ಹಾಕಬೇಕಲ್ಲ ಸ್ವಾಮಿ ಅಂದೆ. ಪುಟಕ್ಕೆ ಒಂದು ವಾಕ್ಯ, ಅದೂ ಏಳು ಪದ ಮೀರದ್ದು. ನೀತಿ ಇಲ್ಲ. ಕೊನೆಗೆ ಮರಿ ಹೊರಗೆ ಬರುತ್ತದೆ, ಅಷ್ಟೇ.

ಮೊದಲ ಪ್ರಿಂಟು ಜುಲೈನಲ್ಲಿ ಹಾಕಿಸಿ ಮತ್ತೆ ಏಟು ತಿಂದೆ. ಸೋಮವಾರ ಕೆಂಪು ಓಡಿಸಿದರು, ಕರೆಂಟು ಹೋಗಿ ಕಪ್ಪು ಬುಧವಾರಕ್ಕೆ ಬಿತ್ತು. ಎರಡು ದಿನದಲ್ಲಿ ಕಾಗದ ತೇವ ಕುಡಿದು ಹಿಗ್ಗಿ ರಿಜಿಸ್ಟರ್, ಅಂದರೆ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವ ಲೆಕ್ಕ, ಕೈಬಿಟ್ಟಿತು. ಕೊಕ್ಕಿನ ಗೆರೆ ಒಂದು ಕಡೆ, ಬಣ್ಣ ಇನ್ನೊಂದು ಕಡೆ, ಮಂಗಟ್ಟೆಗೆ ಎರಡು ಕೊಕ್ಕು. ನಾನೂರು ಶೀಟು ತೂಕಕ್ಕೆ ಹಾಕಿದೆ. ಪ್ರೆಸ್ಸಿನವರ ಜೊತೆ ಜಗಳ ಆಡಿ ಉಪಯೋಗವಿಲ್ಲ, ಮಳೆಗೆ ಅವರೇನು ಮಾಡುತ್ತಾರೆ. ಚಿತ್ರವನ್ನೇ ಬದಲಿಸಿದೆ. ಗೆರೆಯೊಳಗೆ ಬಣ್ಣ ತುಂಬುವುದನ್ನು ಬಿಟ್ಟು ಕೆಂಪನ್ನು ಸಡಿಲವಾದ ಮುದ್ದೆ ಮಾಡಿದೆ, ಅದರ ಮೇಲೆ ಕಪ್ಪು ಗೆರೆ ತನ್ನ ಪಾಡಿಗೆ ಹೋಗುವ ಹಾಗೆ ಬಿಟ್ಟೆ. ಈಗ ಎರಡು ಮಿಲಿಮೀಟರ್ ಜಾರಿದರೂ ಬೇಕೆಂದೇ ಬರೆದ ಹಾಗೆ ಕಾಣುತ್ತದೆ. ಬೆಂಗಳೂರಿನ ಡಿಸೈನರ್ ಒಬ್ಬರು "ಸ್ಟೈಲ್ ಚೆನ್ನಾಗಿದೆ" ಅಂದರು. ನಾನು ಮಳೆಯ ಹೆಸರು ಎತ್ತಲಿಲ್ಲ. ಮಂಗಟ್ಟೆಯ ಹಳದಿ ಕೊಕ್ಕು ನನ್ನಲ್ಲಿ ಕೆಮ್ಮಣ್ಣಿನದು. ಅದನ್ನು ಕೇಳಿದವರೆಲ್ಲ ದೊಡ್ಡವರೇ. ಆ ಕೆಂಪಿಗೆ ಯಾವ ಇಂಕಿಗೆ ಯಾವುದನ್ನು ಎಷ್ಟು ಬೆರೆಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಒಂಬತ್ತು ಪ್ರೂಫ್ ಸುಟ್ಟಿದ್ದೇನೆ.

ನಡುವೆ ಹಸೆ ಚಿತ್ತಾರದ ಹುಚ್ಚೂ ಹಿಡಿದಿತ್ತು. ಸಾಗರದ ಕಡೆ ದೀವರು ಸಮುದಾಯದವರ ಮನೆಯ ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಪುಂಡಿನಾರಿನ ಕುಂಚ. ಅದನ್ನು ಪುಟಕ್ಕೆ ಇಳಿಸಲು ಹೋದೆ. ಬಿಳಿ ಇಂಕು ಇಲ್ಲ, ಕಾಗದದ ಬಿಳಿಯನ್ನೇ ಬಿಡಬೇಕು, ಉಳಿದ ಪುಟವೆಲ್ಲ ಗಟ್ಟಿ ಕೆಂಪು. ಇಂಕು ಕುಡಿದದ್ದು ಕುಡಿದದ್ದೇ, ಮೂರು ದಿನವಾದರೂ ಒಣಗಲಿಲ್ಲ, ಮೇಲಿನ ಶೀಟಿನ ಬೆನ್ನಿಗೆಲ್ಲ ಹತ್ತಿತು. ಕೈಬಿಟ್ಟೆ. ಇಂಬಳದ, ಅಂದರೆ ಜಿಗಣೆಯ ಕತೆಯೂ ಮಾಡಿದೆ: ಎಲ್ಲರಿಗೂ ಅಂಟಿಕೊಳ್ಳುತ್ತದೆ, ಯಾರೂ ಗೆಳೆತನ ಮಾಡುವುದಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು, ಅಮ್ಮಂದಿರು ಛೀ ಅಂದರು. ದುಡ್ಡು ಕೊಡುವುದು ಅಮ್ಮಂದಿರು. ತೊಂಬತ್ತು ಪ್ರತಿ ಇನ್ನೂ ಇವೆ, ಬೇಕಾದವರು ಹೇಳಿ.

ಪಿನ್ನಿನ ಕಾಟ ತಪ್ಪಿಸಿದವನು ನಮ್ಮೂರಿನ ಟೈಲರ್. ಪುಸ್ತಕದ ಬೆನ್ನನ್ನು ಮಿಷಿನ್ನಿನಲ್ಲೇ ಹೊಲಿಸಿದೆ. ಮೊದಲ ಮೂವತ್ತು ಹಾಳು: ಹೊಲಿಗೆ ಸಣ್ಣದಾದರೆ ತೂತುಗಳು ಒತ್ತೊತ್ತಾಗಿ ಬಿದ್ದು ಪುಟ ಅಂಚೆಚೀಟಿಯ ಹಾಗೆ ಹರಿದು ಬರುತ್ತದೆ. ಜೀನ್ಸಿಗೆ ಹಾಕುವ 18 ನಂಬರ್ ಸೂಜಿ, ಹೊಲಿಗೆ ಆದಷ್ಟು ಉದ್ದ, ರಟ್ಟಿನ ಬದಲು ಮೆತ್ತನೆ ಮುಖಪುಟ. ದಾರಕ್ಕೆ ಮಾಡುವ ಒಂದು ಕೆಲಸ ಅವನದು, ನಾನು ಹೇಳಕೂಡದು. ಮೂರು ಮಳೆಗಾಲ ಕಂಡ ಒಂದು ಪ್ರತಿ ಅಂಗನವಾಡಿಯಲ್ಲಿದೆ, ಮೂಲೆ ನಾಯಿಕಿವಿಯಾಗಿದೆ, ಹೊಲಿಗೆ ಅಲ್ಲಾಡಿಲ್ಲ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. 500 ಪ್ರತಿಗೆ ಹೊಲಿಗೆ ಸೇರಿ ಹನ್ನೆರಡು ಸಾವಿರದ ಆಸುಪಾಸು, ಅಂದರೆ ಒಂದಕ್ಕೆ 24 ರೂಪಾಯಿ. ಬೆಲೆ 60. ತೂಕಕ್ಕೆ ಹಾಕಿದ ಶೀಟು ಇದರಲ್ಲಿಲ್ಲ. ಅಂಗಡಿಗೆ ಕೊಡಲೇ ಇಲ್ಲ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಯಲ್ಲಿ ಬಳೆ ಅಂಗಡಿ ಪಕ್ಕ ಒಂದು ಮೇಜು ಹಾಕಿಕೊಂಡು ನಾನೇ ಓದಿ ತೋರಿಸುತ್ತಾ ಕೂತೆ. ಇನ್ನೂರೈವತ್ತರ ಮೇಲೆ ಅಲ್ಲೇ ಹೋಯಿತು. ಉಳಿದದ್ದು ಶಾಲೆ, ನೆಂಟರು, ಬಾಣಂತಿ ನೋಡಲು ಹೋಗುವವರು. ಮದುವೆ ಕರೆಯೋಲೆ ಅಂದ ಗೆಳೆಯ ಹತ್ತು ಪ್ರತಿ ಒಯ್ದ, ದುಡ್ಡು ಇನ್ನೂ ಬಂದಿಲ್ಲ.

ಎರಡನೇ ಸಲ ಸಾವಿರ ಹಾಕಿಸಿದೆ, ಮಾರ್ಚಿನಲ್ಲಿ, ಕಾಗದ ಒಣಗಿ ಗರಿಗರಿ ಇರುವಾಗ. ಒಂದಕ್ಕೆ 17 ಬಿತ್ತು. ಈಗ ಮುಂದಿನದಕ್ಕೆ ಚಿಪ್ಪುಹಂದಿ ಬರೆಯುತ್ತಿದ್ದೇನೆ, ಮರಿ ಅಮ್ಮನ ಬಾಲದ ಮೇಲೆ ಸವಾರಿ ಮಾಡುತ್ತದೆ. ಚಿಪ್ಪು ಬರೆದು ಬರೆದು ಕೈ ಸೋತಿದೆ. ಟೈಲರ್ ಹೊಲಿಗೆಗೆ ಎರಡು ರೂಪಾಯಿ ಇದ್ದದ್ದನ್ನು ಮೂರು ಮಾಡಿದ್ದಾನೆ, ಎರಡೂವರೆಗೆ ಇಳಿಸಲು ನಾಳೆ ಹೋಗಬೇಕು.