ಹಳೆಯ ಸೇನಾ ಪದಕ ಸಿಕ್ಕಿದೆಯೇ? ವಿಭೂತಿ ಡಬ್ಬಿ ದೂರವಿಡಿ

ಕಳೆದ ದಸರಾ ಹೊತ್ತಿಗೆ ಪರಿಚಿತರೊಬ್ಬರು ತಮ್ಮ ಮುತ್ತಾತನ ಪದಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ತಂದಿದ್ದರು. ದೇವರ ಮನೆಯ ದೀಪದ ಕಂಬದಂತೆ ಥಳಥಳಿಸುತ್ತಿತ್ತು. ‘ನಿಮಗೆ ತೋರಿಸಬೇಕಲ್ಲ ಎಂದು ವಿಭೂತಿ ಹಾಕಿ ಚೆನ್ನಾಗಿ ಉಜ್ಜಿದೆ’ ಎಂದರು. ಐದನೇ ಜಾರ್ಜ್ ದೊರೆಯ ಮೂಗು ನುಣ್ಣಗಾಗಿತ್ತು. ಅದು ಹೋಗಲಿ, ಅಂಚಿನಲ್ಲಿ ಇದ್ದ ಹೆಸರಿನ ಅರ್ಧ ಭಾಗವೂ ಹೋಗಿತ್ತು. ಮುತ್ತಾತನ ಹೆಸರೇನು ಎಂದು ಕೇಳಿದೆ. ಮನೆಯಲ್ಲಿ ಎಲ್ಲರೂ ದಫೇದಾರಜ್ಜ ಎಂದೇ ಕರೆಯುತ್ತಿದ್ದರಂತೆ, ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಆ ಅಂಚಿಗೆ ಮಾತ್ರ.

ಪದಕ ಸಂಗ್ರಹ ಶುರು ಮಾಡುವವರೂ, ಅಜ್ಜನ ಪೆಟ್ಟಿಗೆಯಲ್ಲಿ ಪದಕ ಸಿಕ್ಕಿ ಏನು ಮಾಡುವುದೆಂದು ತಿಳಿಯದವರೂ ಮಾಡುವ ತಪ್ಪು ಬಹುತೇಕ ಇದೇ. ಆದ್ದರಿಂದ ಮೊದಲ ಹೆಜ್ಜೆ: ಏನನ್ನೂ ಮಾಡಬೇಡಿ. ಹುಣಸೆಹಣ್ಣು, ಹಲ್ಲುಪುಡಿ, ಬೆಳ್ಳಿ ತೊಳೆಯುವ ದ್ರಾವಣ ಯಾವುದೂ ಬೇಡ. ಅಕ್ಕಸಾಲಿಗರಲ್ಲಿ ಕೊಟ್ಟು ಮೆರುಗು ಹಾಕಿಸುವುದಂತೂ ಬೇಡವೇ ಬೇಡ. ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ, ಅದು ಪದಕದ ವಯಸ್ಸು. ಕೊಳ್ಳುವವರು ಅದಕ್ಕೇ ಹೆಚ್ಚು ಹಣ ಕೊಡುತ್ತಾರೆ. ಜಿಡ್ಡು, ದೂಳು ಇದ್ದರೆ ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಎರಡನೆಯದು, ಯಾವ ಪದಕವೆಂದು ಗುರುತಿಸುವುದು. ಇದು ಸುಲಭ. ದೊರೆಯ ಮುಖವಿರುವ ಪದಕದ ಹಿಂಬದಿಯಲ್ಲಿ ಕುದುರೆಯ ಮೇಲೆ ಬರಿಮೈಯ ಸವಾರನಿದ್ದರೆ ಅದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ರೆಕ್ಕೆಯ ದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್ ಇದ್ದರೆ ವಿಕ್ಟರಿ ಮೆಡಲ್. ಬೆಟ್ಟಗಳ ಮುಂದೆ ಕೋಟೆ ಇದ್ದರೆ 1908ರ ಇಂಡಿಯಾ ಜನರಲ್ ಸರ್ವಿಸ್ ಮೆಡಲ್, ಆ ಕೋಟೆ ಖೈಬರ್ ಕಣಿವೆಯ ಬಾಯಲ್ಲಿರುವ ಜಮ್ರೂದ್. ಹುಲಿ ಇದ್ದರೆ ಅದೇ ಹೆಸರಿನ 1936ರ ಪದಕ. ಆರು ಮೂಲೆಯ ಹಿತ್ತಾಳೆ ಬಣ್ಣದ ನಕ್ಷತ್ರಗಳು ಎರಡನೆಯ ಮಹಾಯುದ್ಧದವು.

ಈಗ ಅಂಚು. ತಾಳ್ಮೆಯಿಂದ ಕುಳಿತುಕೊಳ್ಳಿ, ಜನ ಎಡವುವುದು ಇಲ್ಲಿಯೇ.

ದುಂಡಗಿನ ಪದಕದ ಅಂಚಿನಲ್ಲಿ, ನಕ್ಷತ್ರವಾದರೆ ಬೆನ್ನಿನಲ್ಲಿ, ಪಡೆದವನ ಸಂಖ್ಯೆ, ಹುದ್ದೆ, ಹೆಸರು, ಪಡೆ ಇಷ್ಟೂ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತವೆ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮೇಲಿನಿಂದ ಹಿಡಿಯದೆ, ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ಅಕ್ಷರದ ಗುಳಿಯಲ್ಲಿ ನೆರಳು ಕೂರುತ್ತದೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಪದಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನಾಲ್ಕೈದು ಫೋಟೊ ತೆಗೆಯಿರಿ. ಅಂಚಿಗೆ ಸುಣ್ಣದ ಪುಡಿ ತುಂಬಿ ಓದುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಕೇಳಬೇಡಿ, ಆ ಪುಡಿ ಮತ್ತೆ ಹೊರಬರುವುದಿಲ್ಲ.

ಓದುವಾಗ ಸಂಕ್ಷೇಪಗಳು ಗೊತ್ತಿರಬೇಕು. ‘ಎಸ್‌ಪಿಆರ್’ ಎಂದರೆ ಸ್ಯಾಪರ್ (ಸೇತುವೆ, ಕಂದಕದ ಕೆಲಸದ ಎಂಜಿನಿಯರಿಂಗ್ ದಳದ ಸೈನಿಕ), ‘ಡಿಎಫ್‌ಡಿಆರ್’ ದಫೇದಾರ್, ‘ಎನ್‌ಕೆ’ ನಾಯಕ್, ‘ಜೆಇಎಂ’ ಜಮಾದಾರ್. ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ, ಆದ್ದರಿಂದ ‘ನಮ್ಮ ಅಜ್ಜನ ಹೆಸರು ಹೀಗಲ್ಲ’ ಎಂದು ತಕ್ಷಣ ತಳ್ಳಿಹಾಕಬೇಡಿ. ಪಡೆಯ ಹೆಸರನ್ನು ಇನ್ನೂ ಎಚ್ಚರದಿಂದ ಓದಿ. ‘2’ ಎಂಬ ಅಂಕಿಯ ನಂತರ ‘ಕ್ಯೂವಿಒ ಎಸ್ ಅಂಡ್ ಎಂ’ (ಕ್ಯೂವಿಒ ಎಂದರೆ ಕ್ವೀನ್ ವಿಕ್ಟೋರಿಯಾಸ್ ಓನ್) ಇದ್ದರೆ ಅದು ಬೆಂಗಳೂರಿನ ಹಲಸೂರು ಕೆರೆಯ ಬಳಿಯಿದ್ದ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್, ಇಂದಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್). ಅಂಕಿ ‘1’ ಇದ್ದರೆ ಬಂಗಾಳದ್ದು, ‘3’ ಇದ್ದರೆ ಬೊಂಬಾಯಿಯದು. ಒಂದು ಅಂಕಿ ತಪ್ಪಿ ಓದಿ ಬಂಗಾಳ ದಳದ ಪಂಜಾಬಿ ಯೋಧನನ್ನು ಕೋಲಾರದವನೆಂದು ಮಾರಿದವರನ್ನು ಕಂಡಿದ್ದೇನೆ.

‘ಮೈಸೂರು ಲ್ಯಾನ್ಸರ್ಸ್’ ಎಂದು ಕಂಡರೆ ಕೈ ನಡುಗುತ್ತದೆ, ನನಗೂ ನಡುಗುತ್ತದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಸಂಸ್ಥಾನದ ಕುದುರೆ ದಳ ಅದು. ಅದಕ್ಕೇ ಆ ಹೆಸರಿನ ಮೇಲೆ ಮೋಸಗಾರರ ಕಣ್ಣೂ ಇದೆ. ಯಾರದೋ ಹೆಸರಿದ್ದ ಸಾಧಾರಣ ಪದಕದ ಅಂಚನ್ನು ಅರದಿಂದ ಉಜ್ಜಿ, ಬೇಕಾದ ಹೆಸರನ್ನು ಕೊರೆಸುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್‌ಗೆ ಗೊತ್ತಾಗುತ್ತದೆ. ಬ್ರಿಟಿಷ್ ವಾರ್ ಮೆಡಲಿನ ವ್ಯಾಸ 36 ಮಿಲಿಮೀಟರ್. ಮೂರ್ನಾಲ್ಕು ಕಡೆ ಅಳೆಯಿರಿ. ಹೆಸರಿರುವ ಕಡೆ ಅಳತೆ ತಗ್ಗಿದರೆ ಅಲ್ಲಿ ಅರ ಆಡಿದೆ. ಇನ್ನೊಂದು ಪರೀಕ್ಷೆ ಅಕ್ಷರದ್ದೇ. ಮೊದಲ ಮಹಾಯುದ್ಧದ ಪದಕಗಳಲ್ಲಿ ಅಚ್ಚು ಒತ್ತಿ ಅಕ್ಷರ ಮೂಡಿಸಿದ್ದರು, ಆದ್ದರಿಂದ ಪ್ರತಿ ಅಕ್ಷರದ ತಳ ಸಮವಾಗಿರುತ್ತದೆ. ಉಳಿಯಿಂದ ಕೊರೆದದ್ದಾದರೆ ಗೀರು ಒಂದು ಕಡೆ ಆಳ, ಇನ್ನೊಂದು ಕಡೆ ತೆಳು. ಹಾಗೆಂದು ಕೊರೆದ ಅಕ್ಷರವೆಲ್ಲ ನಕಲಿಯಲ್ಲ, ಅದಕ್ಕೂ ಹಿಂದಿನ ಹಲವು ಇಂಡಿಯಾ ಪದಕಗಳಲ್ಲಿ ಕೂಡುಬರಹದಲ್ಲಿ ಕೊರೆದ ಹೆಸರುಗಳೇ ಇವೆ. ಅಚ್ಚಿಗೆ ಲೋಹ ಹೊಯ್ದು ಮಾಡಿದ ನಕಲಿಗಳು ಇನ್ನೂ ಸುಲಭ: ಮೈಮೇಲೆ ಸಣ್ಣ ಸಣ್ಣ ತೂತು, ಅಂಚಿನ ಸುತ್ತ ಬೆಸುಗೆಯಂಥ ಗೆರೆ.

ಎರಡನೆಯ ಮಹಾಯುದ್ಧದ ನಕ್ಷತ್ರಗಳ ಬಗ್ಗೆ ಒಂದು ಮಾತು. ಬ್ರಿಟನ್ನಿನ ಸೈನಿಕರಿಗೆ ಇವನ್ನು ಹೆಸರಿಲ್ಲದೆ ಕೊಟ್ಟರು, ಭಾರತೀಯರಿಗೆ ಹೆಸರು ಹಾಕಿಸಿ ಕೊಟ್ಟರು. ಹೀಗಾಗಿ ನಮ್ಮ ಕಡೆಯ ಬರ್ಮಾ ಸ್ಟಾರ್ ಬೆನ್ನಿನಲ್ಲಿ ಹೆಸರಿರುವುದೇ ಸಹಜ. ದಂಡು ಪ್ರದೇಶದ ಅಂಗಡಿಗಳಲ್ಲಿ ಸಿಗುವ ಹೊಸ ಪದಕಗಳು ಬೇರೆ, ನಿವೃತ್ತ ಯೋಧರು ಸಮಾರಂಭಕ್ಕೆ ಧರಿಸಲು ಮಾಡಿದ ಪ್ರತಿಗಳು ಅವು. ಅದು ಮೋಸವಲ್ಲ. ಅದನ್ನೇ ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ‘ಹಳೆಯದು ಸ್ವಾಮಿ’ ಎಂದರೆ ಮೋಸ.

ಅಮೆರಿಕದ ಪೊಲೀಸರು, ಸೈನಿಕರು ತಮ್ಮ ದಳದ ಗುರುತಾಗಿ ಹಂಚುವ ಚಾಲೆಂಜ್ ಕಾಯಿನ್‌ಗಳನ್ನು ಹುಡುಕುವವರು ಇಲ್ಲಿಯೂ ಹೆಚ್ಚುತ್ತಿದ್ದಾರೆ. ಬಣ್ಣ ಬಣ್ಣದ ಎನಾಮೆಲ್, ನೋಡಲು ಚೆಂದ. ಆದರೆ ಬಹುಪಾಲು ನಾಣ್ಯಗಳ ಮೇಲೆ ಪಡೆದವನ ಹೆಸರೇ ಇರುವುದಿಲ್ಲ, ಹಣ ಕೊಟ್ಟರೆ ಯಾರು ಬೇಕಾದರೂ ನೂರು ಮಾಡಿಸಿಕೊಳ್ಳಬಹುದು. ನಾನು ಅದರ ತಂಟೆಗೆ ಹೋಗುವುದಿಲ್ಲ.

ಹೆಸರು, ಸಂಖ್ಯೆ ಸಿಕ್ಕಿದ ಮೇಲೆ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಜಾಲತಾಣದಲ್ಲಿ ಹುಡುಕಿ, ಉಚಿತ. ಯುದ್ಧದಲ್ಲಿ ಮಡಿದವರ ಹೆಸರು ಮಾತ್ರ ಅಲ್ಲಿರುತ್ತದೆ.

ಕೊಳ್ಳುವುದು, ಮಾರುವುದು: ನಾಣ್ಯ ಪ್ರದರ್ಶನಗಳಲ್ಲಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಅಂಚಿನ ಫೋಟೊ ಕಳುಹಿಸಲು ಒಪ್ಪದವರಿಂದ ಆನ್‌ಲೈನಿನಲ್ಲಿ ಏನನ್ನೂ ಕೊಳ್ಳಬೇಡಿ. ಯಾರಾದರೂ 1799ರ ಶ್ರೀರಂಗಪಟ್ಟಣ ಯುದ್ಧದ ಪದಕ, ಅದೇ ಸಿಂಹವು ಹುಲಿಯನ್ನು ಕೆಡವಿದ ಚಿತ್ರದ್ದು, ಅದೂ ಚಿನ್ನದ್ದು, ಅರ್ಧ ಬೆಲೆಗೆ ಎಂದರೆ ಕಾಫಿ ಕುಡಿಸಿ ಕಳುಹಿಸಿಬಿಡಿ. ಕಾನೂನೂ ನೆನಪಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ, ಅವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ಮೊದಲ ಮಹಾಯುದ್ಧದ ಪದಕಗಳು ಈಗ ಆ ವಯಸ್ಸಿಗೆ ಬಂದಿವೆ. ಬೆಳ್ಳಿಯ ತೂಕಕ್ಕಂತೂ ಮಾರಬೇಡಿ. 1980ರ ಸುಮಾರಿಗೆ ಬೆಳ್ಳಿಯ ಬೆಲೆ ಜಿಗಿದಾಗ ಲೋಕದ ತುಂಬ ಬ್ರಿಟಿಷ್ ವಾರ್ ಮೆಡಲ್‌ಗಳು ಕುಲುಮೆ ಸೇರಿದವು.

ಒಬ್ಬನೇ ಯೋಧನ ಪದಕಗಳನ್ನು ಎಂದೂ ಬಿಡಿಸಬೇಡಿ. ಆಸ್ತಿ ಪಾಲಾಗುವಾಗ ಅಣ್ಣನಿಗೆ ನಕ್ಷತ್ರ, ತಮ್ಮನಿಗೆ ಬೆಳ್ಳಿಯದು, ತಂಗಿಗೆ ಕಂಚಿನದು ಎಂದು ಹಂಚಿಕೊಂಡ ಮನೆಗಳಿವೆ. ಮೂರನ್ನೂ ಒಬ್ಬರ ಮನೆಯಲ್ಲಿ ಇಟ್ಟು, ಉಳಿದವರು ಹಬ್ಬಕ್ಕೆ ಹೋಗಿ ನೋಡಿಕೊಂಡು ಬರುವುದು ಲೇಸು.

ಇಡುವುದು ಹೀಗೆ: ಪ್ರತಿಯೊಂದಕ್ಕೂ ಬೇರೆ ಬೇರೆ ಆಮ್ಲರಹಿತ ಕಾಗದದ ಲಕೋಟೆ, ಜತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಪೊಟ್ಟಣವನ್ನು ತಿಂಗಳಿಗೊಮ್ಮೆ ಬದಲಿಸಿ. ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಆಲ್ಬಮ್ ಬೇಡ, ಎರಡು ವರ್ಷದಲ್ಲಿ ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡ್ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ರಿಬ್ಬನ್ ಎಷ್ಟೇ ಹರಿದಿದ್ದರೂ ಬಿಸಾಡದೆ ಜತೆಗೇ ಇಡಿ. ಲಕೋಟೆಯ ಮೇಲೆ, ಪದಕ ಒಳಗೆ ಹಾಕುವ ಮೊದಲು, ಅಂಚಿನಲ್ಲಿ ಓದಿದ್ದನ್ನೆಲ್ಲ ಪೆನ್ಸಿಲಿನಲ್ಲಿ ಬರೆಯಿರಿ. ಅದರ ಕೆಳಗೆ, ಮನೆಯಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರೋ ಅದನ್ನೂ.