ಮಿಲ್ಲಿನ ನಡುಕ ಮನೆಗೆ ಇಳಿಯದಂತೆ ಕೂರಿಸುವುದು ಹೇಗೆ?

ನಮ್ಮ ಬದಿಯಡ್ಕ, ಪೆರ್ಲ ಕಡೆ ಮನೆಗೆ ತಾಗಿಕೊಂಡೇ ಹಿಟ್ಟಿನ ಮಿಲ್ಲೋ ತೋಟದ ಪಂಪೋ ಇರುವುದು ಮಾಮೂಲು. ಇವನ್ನು ಕೂರಿಸುವುದೇ ನನ್ನ ಕೆಲಸ. "ಅಡಿಗೆ ರಬ್ಬರ್ ಹಾಕಿದ್ದೇವೆ, ಆದರೂ ಕಿಟಕಿ ಗಡಗಡ ಅನ್ನುತ್ತದೆ" ಅನ್ನುವವರು ತುಂಬ ಜನ. ಬಗ್ಗಿ ನೋಡಿದರೆ ಹಳೇ ಟಯರಿನ ತುಂಡು. ಮೇಲೆ ಅಷ್ಟು ಭಾರ ಕೂತರೂ ಅರ್ಧ ಮಿ.ಮೀ. ತಗ್ಗಿರುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಯಂತ್ರ ಕೂತಾಗ ಅಡಿಯ ರಬ್ಬರೋ ಸ್ಪ್ರಿಂಗೋ ಎಷ್ಟು ತಗ್ಗಬೇಕು ಅನ್ನುವುದು ಯಂತ್ರದ ವೇಗದ ಮೇಲೆ ನಿಂತಿದೆ. ನಿಮಿಷಕ್ಕೆ 2880 ಸುತ್ತಿನ ಪಂಪಿಗೆ 1 ಮಿ.ಮೀ. ಸಾಕು. 1440 ಸುತ್ತಿನ ಮೋಟಾರಿಗೆ 4 ಮಿ.ಮೀ. ಬೇಕು. 720 ಸುತ್ತಿನ ಮಿಲ್ಲಿಗೆ 16 ಮಿ.ಮೀ. ವೇಗ ಅರ್ಧವಾದರೆ ತಗ್ಗುವುದು ನಾಲ್ಕು ಪಟ್ಟಾಗಬೇಕು. ಇಷ್ಟಾದರೆ ನಡುಕದ ಹೆಚ್ಚುಕಮ್ಮಿ ಎಂಟರಲ್ಲೊಂದು ಪಾಲು ಮಾತ್ರ ನೆಲಕ್ಕೆ ಇಳಿಯುತ್ತದೆ.

ಯಾಕೆ ಗೊತ್ತಾ? ರಬ್ಬರಿನ ಮೇಲೆ ಕೂತ ಯಂತ್ರಕ್ಕೆ ತನ್ನದೇ ಒಂದು ಕುಣಿತ ಇರುತ್ತದೆ. ಅರ್ಧ ಮಿ.ಮೀ. ತಗ್ಗಿದರೆ ಅದು ಸೆಕೆಂಡಿಗೆ ಸುಮಾರು 22 ಸಲ. 1440 ಸುತ್ತಿನ ಮೋಟಾರು ಸೆಕೆಂಡಿಗೆ 24 ಸುತ್ತು ಹಾಕುತ್ತದೆ. ಎರಡೂ ಹತ್ತಿರ ಬಂದವು, ಅಲ್ವಾ? ಆಗ ನಡುಕ ಇಳಿಯುವುದಿಲ್ಲ, ಜಾಸ್ತಿಯೇ ಆಗುತ್ತದೆ. 4 ಮಿ.ಮೀ. ತಗ್ಗಿದರೆ ಕುಣಿತ 8ಕ್ಕೆ ಬರುತ್ತದೆ, ಮೋಟಾರಿನ ಮೂರನೇ ಒಂದು ಪಾಲು.

ಬೆಲ್ಟಿನ ಮಿಲ್ಲಾದರೆ ನಿಧಾನ ತಿರುಗುವ ಭಾಗವನ್ನೇ ಲೆಕ್ಕಕ್ಕೆ ಹಿಡಿಯಿರಿ. 16 ಮಿ.ಮೀ. ರಬ್ಬರಿನಿಂದ ಆಗುವ ಮಾತಲ್ಲ, ಉಕ್ಕಿನ ಸ್ಪ್ರಿಂಗ್ ಬೇಕು. ಮೋಟಾರು, ಮಿಲ್ಲು ಎರಡನ್ನೂ ಒಂದೇ ಉಕ್ಕಿನ ಚಾನೆಲ್ ಫ್ರೇಮಿಗೆ ಬಿಗಿದು, ಫ್ರೇಮಿನೊಳಗೆ ಕಾಂಕ್ರೀಟ್ ತುಂಬಿ, ಸ್ಪ್ರಿಂಗನ್ನು ಅದರ ಕೆಳಗಿಡಿ. ಬೇರೆ ಬೇರೆ ಕೂರಿಸಿದರೆ ಬೆಲ್ಟು ನಿಲ್ಲುವುದಿಲ್ಲ. ಖಾಲಿ ಇರುವಾಗ ಒಮ್ಮೆ, ಭಾರ ಕೂತ ಮೇಲೆ ಒಮ್ಮೆ ನಾಲ್ಕೂ ಮೂಲೆಯ ಸ್ಪ್ರಿಂಗಿನ ಎತ್ತರ ಅಳೆಯಿರಿ. ಒಂದು ಮೂಲೆ ಹೆಚ್ಚು ತಗ್ಗಿದ್ದರೆ ಸ್ಪ್ರಿಂಗನ್ನು ಆ ಕಡೆಗೆ ಸರಿಸಿ.

ಇದಕ್ಕೆಲ್ಲ ಕೈ ಹಾಕುವ ಮುಂಚೆ ಎರಡೂ ಪುಲ್ಲಿಗಳ ಮುಖಕ್ಕೆ ಒಂದು ದಾರ ಎಳೆದು ಹಿಡಿಯಿರಿ. ಒಂದೊಂದು ಪುಲ್ಲಿಯ ಎರಡೂ ಅಂಚು, ಹೀಗೆ ನಾಲ್ಕು ಕಡೆಯೂ ತಾಗಬೇಕು. ಬೇರಿಂಗ್ ಸದ್ದು ಮಾಡುತ್ತಿದ್ದರೆ ಬದಲಿಸಿ. ಹುಟ್ಟುವ ನಡುಕವನ್ನೇ ಕಡಿಮೆ ಮಾಡುವುದು ಯಾವತ್ತೂ ಅಗ್ಗ.

ನಾನು ಹೆಚ್ಚು ಕಾಣುವ ತೊಂದರೆ ಬೋಲ್ಟಿನದು. ಒಳ್ಳೇ ಪ್ಯಾಡ್ ತರುತ್ತಾರೆ, ಅದರ ನಡುವಿನಿಂದಲೇ ಬೋಲ್ಟು ಇಳಿಸಿ ನೆಲಕ್ಕೆ ಗಟ್ಟಿ ಬಿಗಿಯುತ್ತಾರೆ. ನಡುಕ ರಬ್ಬರನ್ನು ಬಿಟ್ಟು ಬೋಲ್ಟಿನಲ್ಲೇ ಇಳಿಯುತ್ತದೆ. ನಟ್ಟಿನ ಕೆಳಗೂ ರಬ್ಬರ್ ವಾಷರ್, ಬೋಲ್ಟಿನ ಸುತ್ತ ರಬ್ಬರ್ ಬುಶ್ (ಕೊಳವೆಯಂಥ ತೋಳು) ಬೇಕು. ಪಂಪಿನ ಪೈಪೂ ಹಾಗೆಯೇ. ಪಂಪಿನ ಬಾಯಿಗೆ ಒಂದು ತುಂಡು ರಬ್ಬರ್ ಹೋಸ್ ಹಾಕಿ, ಗೋಡೆಯ ಕ್ಲಾಂಪಿಗೆ ರಬ್ಬರ್ ಸುತ್ತಿ.

ಸ್ಪ್ರಿಂಗಿನ ಮೇಲಿನ ಮಿಲ್ಲು ಆಫ್ ಮಾಡಿದಾಗ ಒಂದು ಗಳಿಗೆ ಜೋರಾಗಿ ತೂಗಾಡುತ್ತದೆ. ವೇಗ ಇಳಿಯುತ್ತಾ ಆ ಕುಣಿತದ ವೇಗವನ್ನು ದಾಟುವಾಗ ಹಾಗಾಗುತ್ತದೆ, ಹೆದರಬೇಡಿ. ಗೋಡೆಗೆ ತಾಗದಷ್ಟು ಜಾಗ, ಎಳೆಯದಷ್ಟು ಉದ್ದದ ವಯರು ಬಿಟ್ಟಿರಿ.

ಗಾಳಿಯಲ್ಲಿ ಬರುವ ಸದ್ದಿಗೆ ಸ್ಪ್ರಿಂಗ್ ಏನೂ ಮಾಡದು. ಅದನ್ನು ತಡೆಯುವುದು ಗೋಡೆಯ ಭಾರ. ನಮ್ಮ ಕೆಂಪುಕಲ್ಲಿನ ಗೋಡೆ ಸಾಕಷ್ಟು ಭಾರವೇ ಇದೆ. ಮನೆ ಕಡೆಯ ಗೋಡೆಗೆ ಸಾರಣೆ ಮಾಡಿಸಿ, ಅದರ ತಲೆಗೂ ಹಂಚಿಗೂ ನಡುವಿನ ಸಂದು ಮುಚ್ಚಿಸಿ. ಮೋಟಾರಿಗೆ ಬೇಕಾದ ಗಾಳಿಯ ಕಿಂಡಿಯನ್ನು ತೋಟದ ಕಡೆಗೆ ತೆರೆಯಿರಿ.